ಗೋಡೆ ಹತ್ತುವ ಬೆರಳುಗಳು

ಐವತ್ತು ದಾಟಿ, ಸಕ್ಕರೆ ಕಾಯಿಲೆಯೂ ಇರುವ ಹೆಂಗಸಿಗೆ ಫ್ರೋಜನ್ ಶೋಲ್ಡರ್ ಬಂದರೆ ಡಾಕ್ಟರಿಗೆ ಆಶ್ಚರ್ಯವೇ ಆಗುವುದಿಲ್ಲ. ನನ್ನ ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳೆ ಚೆನ್ನಾಗಿದೆಯಮ್ಮ" ಎಂದರು. ಚೆನ್ನಾಗಿದ್ದರೆ ಜಡೆ ಹೆಣೆಯಲು ಕೈ ಯಾಕೆ ಹಿಂದಕ್ಕೆ ಹೋಗುವುದಿಲ್ಲ? ಕೀಲಿನ ಸುತ್ತಲ ಚೀಲ ಉರಿಯೂತದಿಂದ ದಪ್ಪಗಾಗಿ ಬಿಗಿದುಕೊಂಡಿದೆಯಂತೆ. ಬಹುಪಾಲು ತಾನಾಗಿಯೇ ಸಡಿಲವಾಗುತ್ತದಂತೆ. ಒಂದೆರಡು ವರ್ಷ, ಅಷ್ಟೇ!

ಈ ಕಾಯಿಲೆಗೆ ಬಾವಿಲ್ಲ, ಬ್ಯಾಂಡೇಜಿಲ್ಲ. ಹಾಗಾಗಿ ಮನೆಗೆ ಬಂದವರೆಲ್ಲ ವೈದ್ಯರೇ. ಎದುರುಮನೆಯವರು ಮಹಾನಾರಾಯಣ ತೈಲ ತಂದುಕೊಟ್ಟರು. ನಾದಿನಿ ಪುತ್ತೂರು ಕಟ್ಟು ಹಾಕಿಸಿ ಎಂದಳು. ಮುರಿಯದ ಮೂಳೆಗೆ ಕಟ್ಟೇಕೆ ಎಂದರೆ, "ಹಾಕಿಸಿದರೆ ನಷ್ಟವೇನು ಅತ್ತಿಗೆ?" ಮೊದಲೇ ಅಲುಗಾಡದ ಕೈ, ಕಟ್ಟಿಟ್ಟರೆ ಉದ್ಧಾರವಾದ ಹಾಗೇ!

ಕೊನೆಗೆ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್. ಅಲ್ಟ್ರಾಸೌಂಡ್ ಪರದೆ ನೋಡುತ್ತ ಡಾಕ್ಟರು ಸೂಜಿ ಇಳಿಸಿದರು. ನಾನು ಪರದೆಯೊಂದನ್ನು ಬಿಟ್ಟು ಫ್ಯಾನಿನ ರೆಕ್ಕೆಯ ಧೂಳಿನವರೆಗೆ ಎಲ್ಲವನ್ನೂ ನೋಡಿದೆ. ಕೆಲವೇ ದಿನಗಳಲ್ಲಿ ನೋವು ಇಳಿಯಿತು, ಸಕ್ಕರೆ ಏರಿತು. ಸ್ಟೀರಾಯ್ಡ್‌ನಿಂದ ಸ್ವಲ್ಪ ದಿನ ಹೀಗಾಗುತ್ತದೆಂದು ಮೊದಲೇ ಹೇಳಿದ್ದರು. ಆದರೂ ಗ್ಲುಕೋಮೀಟರ್ ನೋಡಿದ ಯಜಮಾನರು ಎದ್ದುಹೋಗಿ ಡಬ್ಬದ ಮೈಸೂರು ಪಾಕು ಎಣಿಸಿ ಬಂದರು. ಲೆಕ್ಕ ಸರಿಯಾಗಿತ್ತು. ಡಬ್ಬ ಇದ್ದದ್ದು ಮೇಲಿನ ಷೆಲ್ಫಿನಲ್ಲಿ. ಅಲ್ಲಿಗೆ ಕೈ ಎಟುಕುವ ಹಾಗಿದ್ದರೆ ನನಗೆ ಈ ಪಾಡೇಕೆ?

ಸೂಜಿ ನೋವು ತಗ್ಗಿಸೀತು, ಬಿಗಿದ ತೋಳನ್ನು ಎತ್ತಿಕೊಡುವುದಿಲ್ಲ. ಅದು ಫಿಸಿಯೋ ಹುಡುಗಿಯ ಪಾಲಿನ ಕೆಲಸ. ನನ್ನ ಮಗಳಿಗಿಂತ ಚಿಕ್ಕವಳು, ಆದರೆ "ಇನ್ನೊಂದ್ಸಲ ಆಂಟಿ" ಎಂದಳೆಂದರೆ ಮೇಲ್ಮನವಿಗೆ ಅವಕಾಶವಿಲ್ಲ. ಬಗ್ಗಿ ನಿಂತು ಕೈ ಜೋತುಬಿಟ್ಟು ತೂಗಾಡಿಸಬೇಕು. ಬೆನ್ನ ಹಿಂದೆ ಟವೆಲ್ ಹಿಡಿದು ಎಳೆಯಬೇಕು. ಹಾಗೆಂದು ಹಲ್ಲು ಕಚ್ಚಿ ಎಳೆಯುವಂತಿಲ್ಲ. ಪಕ್ಕದ ಮಂಚದ ನಿವೃತ್ತ ಮೇಷ್ಟ್ರು ಶೌರ್ಯ ತೋರಿಸಿ, ನೋವು ಕೆರಳಿಸಿಕೊಂಡು ಅವಳಿಂದ ಬೈಸಿಕೊಂಡರು.

ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯಲ್ಲಿ ದಿನಾ ಗೋಡೆ ಹತ್ತುವ ಕೆಲಸ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಬೇಕು. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ಲಿನ ಗೀಟು, ಹಿಂದೆ ಮಕ್ಕಳನ್ನು ನಿಲ್ಲಿಸಿ ಅಳೆಯುತ್ತಿದ್ದ ಹಾಗೆ. ನನ್ನ ದಾರಿ ಸಾಗಿದ್ದು ಹಾಲಿನ ಕ್ಯಾಲೆಂಡರಿನ ಮೇಲೆ. ಕೆಳಗಿನ 31ರಿಂದ ಮೇಲಿನ 1ನೇ ತಾರೀಖಿಗೆ ಏರುವಷ್ಟರಲ್ಲಿ ತಿಂಗಳುಗಳೇ ಕಳೆದು, ಹಾಳೆಗಳನ್ನು ತಿರುವಿಹಾಕಿದ್ದಾಯಿತು. ಒಗ್ಗರಣೆಯ ನಡುವೆ ನೆನಪಾಗಿ ಓಡಿಬಂದು ಹತ್ತಿದ್ದಕ್ಕೆಲ್ಲ ಅರಿಸಿನದ ಬೆರಳಚ್ಚೇ ಸಾಕ್ಷಿ. ಹೊಸ ಬಣ್ಣ ಬಳಿಸಿದ ಗೋಡೆ! ಯಜಮಾನರು ನೋಡಿ ನಿಟ್ಟುಸಿರು ಬಿಟ್ಟರು; ಬೇರೆ ಮಾತಾಡುವ ಧೈರ್ಯ ಮಾಡಲಿಲ್ಲ.

ಈಗ ಮೇಲಿನ ಷೆಲ್ಫಿಗೆ ಕೈ ಸಲೀಸಾಗಿ ಎಟುಕುತ್ತದೆ. ಡಬ್ಬ ಮಾತ್ರ ಅಲ್ಲಿಲ್ಲ. ಬಂದ ಭುಜಕ್ಕೇ ಮತ್ತೆ ಬರುವುದು ಅಪರೂಪ, ಇನ್ನೊಂದಕ್ಕೆ ಬಂದರೂ ಬರಬಹುದು ಎಂದಿದ್ದಾರೆ ಡಾಕ್ಟರು. ಅದನ್ನು ಕೇಳಿದ ಮೇಲೆ ಯಜಮಾನರು ಪೇಂಟರಿಗೆ ಫೋನ್ ಮಾಡಿ, ಸದ್ಯಕ್ಕೆ ಬರುವುದು ಬೇಡ ಎಂದುಬಿಟ್ಟರು.