ದೊಡ್ಡಮ್ಮನ ಬಿಪಿ, ಕಾಲೇಜಿನ ಫೈಲು

ನಮ್ಮ ದೊಡ್ಡಮ್ಮನ ಬಿಪಿಯನ್ನು ನೋಡಿದಷ್ಟು ಸಲ ಮಂತ್ರಿಗಳ ಬಿಪಿಯನ್ನೂ ಯಾರೂ ನೋಡಿರಲಾರರು. ಬೆಂಗಳೂರಿನ ಅಂಚಿನ ಅವಳ ಊರಿನ ಸುತ್ತ ಮೂರು ನರ್ಸಿಂಗ್ ಕಾಲೇಜು. ಕಮ್ಯುನಿಟಿ ಪೋಸ್ಟಿಂಗ್ ಶುರುವಾಯಿತೆಂದರೆ ಬಸ್ಸಿನಿಂದ ಬಿಳಿ ಕೋಟುಗಳು ಇಳಿದು, ಆಸ್ತಿ ಪಾಲು ಮಾಡಿಕೊಂಡಂತೆ ಬೀದಿಗಳನ್ನು ಹಂಚಿಕೊಳ್ಳುತ್ತವೆ.

ಕೇರಳದ ಹುಡುಗಿಯೊಬ್ಬಳು ಕನ್ನಡದ ಪ್ರಶ್ನೆಗಳನ್ನು ಮಲಯಾಳಂ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದಳು. ಉತ್ತರಗಳನ್ನು ಬರೆದುಕೊಂಡು ಬಂದಿರಲಿಲ್ಲವಲ್ಲ, ಅವು ಅರ್ಥವಾಗಲಿಲ್ಲ. ದೊಡ್ಡಮ್ಮನೇ ಸಹಾಯಕ್ಕೆ ನಿಂತಳು: “ಪೇಪರ್ ಹಾಸದೆ ಬ್ಯಾಗ್ ಇಡ್ತಾರಾ ಮಗಳೇ? ಮೊದಲು ಕೈ ತೊಳಿ. ನಿಮ್ಮ ಮೇಡಂ ನೋಡಿದ್ರೆ ಮಾರ್ಕು ಹೋಗುತ್ತೆ.” ಬೆನೆಡಿಕ್ಟ್ ದ್ರಾವಣ ನೀಲಿಯಾಗೇ ಉಳಿದರೆ ಸಕ್ಕರೆಯಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕತೆ ಮುಗೀತು ಎಂಬುದೂ ಅವಳಿಗೆ ಬಾಯಿಪಾಠ. ಕೈ ತೊಳೆಯಲು ನೀರು ಮಾತ್ರ ಆವತ್ತು ನಲ್ಲಿಯಲ್ಲಿ ಬಂದಿರಲಿಲ್ಲ. ಹಾಗಾಗಿ ಕೈ ತೊಳೆಯುವ ಕ್ರಮವನ್ನು ಫ್ಲ್ಯಾಷ್ ಕಾರ್ಡಿನಲ್ಲೇ ತೋರಿಸಲಾಯಿತು.

2021ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಬಿಎಸ್ಸಿ ನರ್ಸಿಂಗ್ ಪಠ್ಯವನ್ನು ಸೆಮಿಸ್ಟರ್ ಪದ್ಧತಿಗೆ ತಂದಿತು. ಈಗ ಐದನೆಯದರಲ್ಲಿ ಒಮ್ಮೆ, ಏಳನೆಯದರಲ್ಲಿ ಇನ್ನೊಮ್ಮೆ ಕಮ್ಯುನಿಟಿ ಪೋಸ್ಟಿಂಗ್. ದೊಡ್ಡಮ್ಮನ ಮನೆ ಮುಂದಿನ ಚರಂಡಿಗೆ ಇದ್ಯಾವುದೂ ತಿಳಿಯದು. ಪ್ರತಿ ತಂಡವೂ ಫ್ಯಾಮಿಲಿ ಫೋಲ್ಡರಿನಲ್ಲಿ ‘ತೆರೆದ ಚರಂಡಿ: ಹೌದು’ ಎಂದು ಟಿಕ್ ಹಾಕಿ ಹೋಗುತ್ತದೆ. ತಡವಾಗಿ ಬಂದವರು ಅರಳಿಕಟ್ಟೆಯಲ್ಲಿ ಕೂತು ಆಶಾ ಕಾರ್ಯಕರ್ತೆಯ ರಿಜಿಸ್ಟರಿನಿಂದ ಟಿಕ್ಕನ್ನು ಕಾಪಿ ಹೊಡೆಯುತ್ತಾರೆ. ಫೋಲ್ಡರುಗಳು ಇನ್‌ಸ್ಪೆಕ್ಷನ್‌ವರೆಗೆ ಬೀರುವಿನಲ್ಲಿ, ಆಮೇಲೆ ಗುಜರಿಯಲ್ಲಿ. ಗ್ರಾಮ ಪಂಚಾಯಿತಿ ಕಚೇರಿ ಬಸ್ ನಿಲ್ಲುವ ಜಾಗದ ಎದುರಿಗೇ ಇದೆ; ಅಲ್ಲಿಗೆ ಹೋದರೆ ಮಾರ್ಕಿಲ್ಲ.

ಮಕ್ಕಳನ್ನು ಬೈಯಲಾರೆ. ಒಬ್ಬಳು ಪೋಸ್ಟಿಂಗ್ ಮುಗಿದ ಮೇಲೂ ಬಂದು, ದೊಡ್ಡಮ್ಮನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಬಿಪಿ ಮಾತ್ರೆ ಕೊಡಿಸಿದಳು. ಕಾಲೇಜಿನ ಹಾಜರಿಯಲ್ಲಿ ಆ ದಿನ ಅವಳು ಆಬ್ಸೆಂಟ್.

ಬಹುಮಾನ ಬಂದದ್ದು ಬೇರೆ ತಂಡಕ್ಕೆ. ಮುಚ್ಚಿದ ಚರಂಡಿ, ಇಂಗುಗುಂಡಿಗಳ ಥರ್ಮಾಕೋಲ್ ಮಾದರಿ ಊರ ಶಾಲೆಯಂಗಳದ ಪ್ರದರ್ಶನದಲ್ಲಿ ಮೊದಲ ಸ್ಥಾನ ಗಳಿಸಿತು. ಫೋಟೊ ಆಯಿತು, ಬಸ್ಸು ಹೊರಟಿತು. ಮಾದರಿಗೆ ಬಸ್ಸಿನಲ್ಲಿ ಜಾಗವಿರಲಿಲ್ಲ. ಈಗ ಅದು ದೊಡ್ಡಮ್ಮನ ಮನೆ ಮುಂದಿನ ಚರಂಡಿಯಲ್ಲಿ ಅಡ್ಡ ಸಿಕ್ಕಿಕೊಂಡು ನೀರು ಕಟ್ಟಿ ನಿಂತಿದೆ.