ಮೋಟಾರಿಗೆ ದೃಷ್ಟಿ ತಾಗಿದ್ದು

ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸುವ ಸ್ವಿಚ್ಚು ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗಿದೆ. ಅದನ್ನು ಒತ್ತಲು ಎದ್ದು ಹೋಗುವುದೇ ನನ್ನ ನಿತ್ಯದ ವ್ಯಾಯಾಮ. ಇದನ್ನು ನೋಡಿ ಮರುಗಿದ ಭಾಮೈದ, ಅಂಗೈಯಗಲದ ರಾಸ್‌ಬೆರಿ ಪೈ ಕಂಪ್ಯೂಟರಿಗೆ ಒಂದು ರಿಲೇ ಜೋಡಿಸಿ, "ಭಾವ, ಇನ್ಮೇಲೆ ಈ ಲಿಂಕ್ ಒತ್ತಿದ್ರೆ ಸಾಕು" ಎಂದ. ಒತ್ತಿದೆ. ಬ್ರೌಸರು ಪೈಗೆ ವಿನಂತಿ ಕಳಿಸಿತು, ಅಲ್ಲಿ ಕಾದು ಕೂತಿದ್ದ ಪುಟಾಣಿ ಪ್ರೋಗ್ರಾಮು ಆಜ್ಞೆ ಕೊಟ್ಟಿತು, ರಿಲೇ ಟಕ್ಕೆಂದಿತು, ಮೋಟಾರು ಗೊರ್ರೆಂದಿತು. ನನ್ನ ವ್ಯಾಯಾಮ ಅಲ್ಲಿಗೆ ಮುಗಿಯಿತು.

ಈ ವಿನಂತಿಗಳಲ್ಲಿ ಬಗೆಗಳಿವೆ. ಗೆಟ್ ಎಂದರೆ "ತೋರ್ಸಿ, ನೋಡಿ ಹೋಗ್ತೀನಿ". ಪೋಸ್ಟ್ ಎಂದರೆ "ಇದನ್ನ ತಗೊಂಡು ಕೆಲಸ ನೋಡಿ". ಗೆಟ್ ಎಂದು ಬಂದವರು ಸುಮ್ಮನೆ ನೋಡಿ ಹೋಗಬೇಕು, ಅವರಿಂದ ಏನೂ ಬದಲಾಗಬಾರದು ಎಂಬುದು ವೆಬ್ಬಿನ ಮಾತುಕತೆಯ ನಿಯಮಾವಳಿ ಎಚ್‌ಟಿಟಿಪಿಯ ಹಳೆಯ ಕಟ್ಟಳೆ. ಭಾಮೈದ ಮೋಟಾರನ್ನು ಕಟ್ಟಿದ್ದು ಗೆಟ್‌ಗೆ.

ನನ್ನ ಹೆಂಡತಿ ಹೆಮ್ಮೆಯಿಂದ ಆ ಲಿಂಕನ್ನು ಬಂಧುಗಳ ಚಾಟ್ ಗುಂಪಿಗೆ ಹಾಕಿದಳು. ಲಿಂಕ್ ಕಂಡರೆ ತಲೆಬರಹ, ಚಿತ್ರ ತೋರಿಸೋಣವೆಂದು ಇಂಥ ಆ್ಯಪ್‌ಗಳು ತಾವೇ ಒಮ್ಮೆ ಇಣುಕುತ್ತವೆ. ಇಣುಕಿದ್ದೇ ಮೋಟಾರು ಶುರು. ಆರಿಸಿದರೆ ತೀರ್ಥಹಳ್ಳಿಯಿಂದ ಅತ್ತೆ "ಇದೇನೇ?" ಎಂದು ಒತ್ತಿದರು, ಮತ್ತೆ ಗೊರ್. "ಸಾರ್, ನಿಮ್ಮ ಟ್ಯಾಂಕು ಸುರೀತಿದೆ" ಎಂದು ಪಕ್ಕದ ಮನೆಯವರು ಕೂಗುವ ಹೊತ್ತಿಗೆ ಸಂಪು ತಳ ಕಂಡಿತ್ತು. ಬರೀ ನೋಡಿದ್ದಕ್ಕೆ ಇಷ್ಟು ಅನಾಹುತವಾದರೆ ಅದಕ್ಕೆ ದೃಷ್ಟಿ ಎನ್ನದೆ ಇನ್ನೇನೆನ್ನಬೇಕು?

ಭಾಮೈದ ಬಗ್ಗಲಿಲ್ಲ. 2005ರಲ್ಲಿ ಗೂಗಲ್‌ನ ವೆಬ್ ಆಕ್ಸಿಲರೇಟರ್ ಎಂಬುದು ಪುಟಗಳು ಬೇಗ ತೆರೆಯಲಿ ಎಂದು ಅವುಗಳಲ್ಲಿದ್ದ ಲಿಂಕುಗಳನ್ನೆಲ್ಲ ಮುಂಚಿತವಾಗಿ ನೋಡಿಟ್ಟುಕೊಳ್ಳುತ್ತಿತ್ತಂತೆ. ಅವುಗಳಲ್ಲಿ "ಅಳಿಸು" ಎಂಬ ಲಿಂಕೂ ಇದ್ದರೆ ಅದನ್ನೂ ಶ್ರದ್ಧೆಯಿಂದ ನೋಡಿತು. ಜನರ ಬರಹಗಳು ಮಾಯವಾದವು. "ಅವರಿಗೇ ಹಾಗಾಯ್ತು ಭಾವ" ಎಂದ, ಅದರಿಂದ ನಮ್ಮ ಸಂಪು ತುಂಬುವ ಹಾಗೆ.

ಈಗ ಪೋಸ್ಟ್ ಬಂದಿದೆ. ಜೊತೆಗೆ, ಪ್ರೋಗ್ರಾಮರುಗಳ ತಾಣ ಗಿಟ್‌ಹಬ್ ಬೇರೆ ಕಂಪ್ಯೂಟರುಗಳಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್‌ಗಳಲ್ಲಿ ಮಾಡುವಂತೆ, ಗುಟ್ಟಿನ ಪದವೊಂದರಿಂದ ಲೆಕ್ಕ ಹಾಕಿದ ಸಹಿಯೂ ಇರಬೇಕು. ಸಹಿ ತಾಳೆಯಾಗದಿದ್ದರೆ ಮೋಟಾರು ಕದಲುವುದಿಲ್ಲ. ಅತ್ತೆಗೆ ಬೇಸರವಾಗಿದೆ.

ಉತ್ಸಾಹ ತಾಳದೆ "ಕಾಫಿಗೂ ಹೀಗೆ ಮಾಡಬಹುದೇನೋ?" ಎಂದು ಕೇಳಿದೆ. ಅದಕ್ಕೂ ನಿಯಮವಿದೆಯಂತೆ! 1998ರ ಏಪ್ರಿಲ್ 1ರಂದು ತಮಾಷೆಗೆ ಹೊರಬಂದ ಆರ್‌ಎಫ್‌ಸಿ 2324: ಕಾಫಿ ಪಾತ್ರೆಗೆ ಇಂಟರ್ನೆಟ್ಟಿನಿಂದ ಆಜ್ಞೆ ಕೊಡುವ ಕ್ರಮ. ಟೀ ಪಾತ್ರೆಗೆ ಕಾಫಿ ಕೇಳಿದರೆ 418 ಎಂಬ ಉತ್ತರ ಬರಬಹುದು: "ನಾನು ಟೀ ಪಾತ್ರೆ". ಬೆರೆಸಬಹುದಾದವುಗಳ ಪಟ್ಟಿಯಲ್ಲಿ ಹಾಲು, ವೆನಿಲಾ, ವಿಸ್ಕಿ ಎಲ್ಲ ಇವೆ, ಚಿಕೋರಿ ಇಲ್ಲ.

"ಚಿಕೋರಿ ಗೊತ್ತಿಲ್ಲದವರ ಮಾತನ್ನ ಮೋಟಾರು ಯಾಕೆ ಕೇಳ್ಬೇಕು?" ಎಂದಳು ಹೆಂಡತಿ.