ಉತ್ತರಹಳ್ಳಿಯ ಆಮ್ಲಮೀಮಾಂಸೆ

ಬೆಂಗಳೂರಿನ ದಕ್ಷಿಣಕ್ಕಿರುವ ಊರಿಗೆ ಉತ್ತರಹಳ್ಳಿ ಎಂಬ ಹೆಸರೇಕೆ ಎಂಬುದು ವಿದ್ವಾಂಸರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. (ವಿದ್ವಾಂಸರು ಎಂದರೆ ನಾನು; ಬಹುಕಾಲ ಎಂದರೆ ಹೋದ ತಿಂಗಳಿಂದ.) ಪ್ರಕೃತ ಸಂಶೋಧನೆಯ ಪ್ರಕಾರ ಇಲ್ಲಿ ಉತ್ತರ ಎಂದರೆ ದಿಕ್ಕಲ್ಲ, ಜವಾಬು. ಪ್ರತಿ ಮನೆಯಲ್ಲೂ ಎಲ್ಲಕ್ಕೂ ಜವಾಬು ಇಟ್ಟುಕೊಂಡ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಪೀಠ ನನ್ನ ಅಮ್ಮನದು.

ಪೂರ್ವಪಕ್ಷ ಹುಟ್ಟಿದ್ದು ಅಡುಗೆಮನೆಯ ಬಾಗಿಲಲ್ಲಿ. ಮಗಳು 30 ಮಿಲಿಯ ಸೀಸೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಏನೇ ಅದು?”

“ಲ್ಯಾಕ್ಟಿಕ್ ಆಸಿಡ್ ಅಜ್ಜಿ, ಮುಖಕ್ಕೆ.”

“ಮುಖಕ್ಕೆ ಆಸಿಡ್ಡಾ!”

“ಅಯ್ಯೋ, ಮೊಸರಲ್ಲಿರೋದೇ ಇದು.”

“ಹಾಗಿದ್ರೆ ದುಡ್ಡು ಯಾಕೆ ಸುರಿದೆ? ಫ್ರಿಜ್ಜಲ್ಲಿ ಅರ್ಧ ಲೀಟರ್ ನಂದಿನಿ ಕೂತಿದೆಯಲ್ಲ!”

ಈ ವಾದವನ್ನು ತಳ್ಳಿಹಾಕುವಂತಿಲ್ಲ. ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞ 1780ರಲ್ಲಿ ಈ ಆಮ್ಲವನ್ನು ಬೇರ್ಪಡಿಸಿದ್ದು ಹುಳಿತ ಹಾಲಿನಿಂದಲೇ. ನಮ್ಮವರು ಕಡಲೆಹಿಟ್ಟಿಗೆ ಹುಳಿಮೊಸರು ಕಲಸಿ ಮುಖಕ್ಕೆ ಮೆತ್ತಿಕೊಳ್ಳುವಾಗ ಷೀಲೆಯ ಅಪ್ಪಣೆ ಕೇಳಿರಲಿಲ್ಲ. 2023ರ ಮಾರ್ಚಿನಲ್ಲಿ ನಂದಿನಿ ಪ್ಯಾಕೆಟ್ಟಿನ ಮೇಲೆ ‘ದಹಿ’ ಅಂತ ಅಚ್ಚು ಹಾಕಿ ಎಂದು ದಿಲ್ಲಿಯಿಂದ ಆದೇಶ ಬಂದು, ಗಲಾಟೆಯಾಗಿ, ತಿಂಗಳು ಮುಗಿಯುವುದರೊಳಗೆ ಸಡಿಲವಾಯಿತಷ್ಟೆ. ಆ ದಿನಗಳಲ್ಲೂ ಒಳಗಿನ ಆಮ್ಲ ಯಾವ ಭಾಷೆಗೂ ಬಗ್ಗದೆ ತನ್ನಷ್ಟಕ್ಕೆ ಹುಳಿಯುತ್ತಿತ್ತು.

ಇನ್ನು ಲೆಕ್ಕ. ಮೊಸರಲ್ಲಿ ಈ ಆಮ್ಲ ನೂರಕ್ಕೆ ಒಂದರ ಆಸುಪಾಸು. ಅಂದರೆ ಅರ್ಧ ಲೀಟರಿನ ಪ್ಯಾಕೆಟ್ಟಿನಲ್ಲಿ 4-5 ಗ್ರಾಂ. ನೂರಕ್ಕೆ 10ರ ಸೀಸೆಯಲ್ಲಿ ಬರೀ 3 ಗ್ರಾಂ. ಅಮ್ಮ ಗೆದ್ದರು ಅಂತ ಚಪ್ಪಾಳೆ ತಟ್ಟುವ ಮುನ್ನ ಒಂದು ನಿಮಿಷ. ಮುಖದ ಮೇಲೆ ನಿಲ್ಲುವುದು ಪ್ಯಾಕೆಟ್ಟಲ್ಲ, ಒಂದು ಚಮಚ. ಅದೂ ಮೊಸರಿನ ಪಿಎಚ್ ಸುಮಾರು 4.5 ಇರುವಾಗ, ಆಮ್ಲದ ಐದರಲ್ಲೊಂದು ಪಾಲು ಮಾತ್ರ ಚರ್ಮಕ್ಕಿಳಿಯುವ ಸ್ಥಿತಿಯಲ್ಲಿರುತ್ತದೆ. ಉಳಿದ ನಾಲ್ಕು ಪಾಲು ಲವಣವಾಗಿ ಕೈಕಟ್ಟಿ ಕೂತಿರುತ್ತದೆ. ಸೀಸೆಯವರು ಪಿಎಚ್ಚನ್ನು 3.8ರ ಹತ್ತಿರ ತಂದಿಟ್ಟಿದ್ದರೆ ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಹಾಜರು. ಕೆಲಸವೆಂದರೆ, ಸತ್ತ ಜೀವಕೋಶಗಳನ್ನು ಹಿಡಿದಿಟ್ಟ ಬೆಸುಗೆ ಸಡಿಲಿಸುವುದು. ಉಜ್ಜುವ ಪ್ರಮೇಯವಿಲ್ಲ. ಜಾತಿಬಾಂಧವ ಗ್ಲೈಕಾಲಿಕ್ ಆಮ್ಲದ ಅಣುತೂಕ 76, ಇದರದು 90. ದೇಹ ದೊಡ್ಡದು, ನಿಧಾನಕ್ಕೆ ಇಳಿಯುತ್ತದೆ, ಅದಕ್ಕೇ ಸಾಧು.

ಪ್ರಯೋಗಕ್ಕೆ ಪ್ರಾಣಿ ಸಿಗದ ಕಾರಣ ಸಂಶೋಧಕನೇ ಕೂತ. ಬಲಗೆನ್ನೆಗೆ ಮೊಸರು, ಎಡಗೆನ್ನೆಗೆ ಸೀಸೆಯ ಎರಡು ಹನಿ. ವಾರಕ್ಕೆರಡು ರಾತ್ರಿ, ಒಂದು ತಿಂಗಳು. ಮೊಸರು ಮೀಸೆಯ ತುದಿಯಲ್ಲಿ ಗಟ್ಟಿಯಾಗಿ, ಗದ್ದದಿಂದ ಜಾರಿ ಪಂಚೆಯ ಮೇಲೆ ಭೂಪಟ ಬರೆಯಿತು. ಎಡಗಡೆ ಎರಡು ನಿಮಿಷ ಚುರುಗುಟ್ಟಿ ಸುಮ್ಮನಾಯಿತು. ತಿಂಗಳ ಕೊನೆಗೆ ಅಮ್ಮ ಕನ್ನಡಕ ಏರಿಸಿ, ಎರಡೂ ಕೆನ್ನೆ ಸವರಿ, ತೀರ್ಪು ಕೊಟ್ಟರು: “ಎಡಗಡೆ ನುಣುಪಾಗಿದೆ. ಬಲಗಡೆ ನೀನು ಸರಿಯಾಗಿ ಶೇವ್ ಮಾಡಿಲ್ಲ.”

ಸಿದ್ಧಾಂತ ಸೀಸೆಯ ಕಡೆಗೇ ವಾಲುತ್ತದೆ, ಷರತ್ತಿನ ಮೇಲೆ. ಈ ಆಮ್ಲ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಬಿಟ್ಟ ಮೇಲೂ ಸುಮಾರು ಒಂದು ವಾರ ಆ ಗುಣ ಉಳಿಯುತ್ತದೆ. ಹಗಲು ಸನ್‌ಸ್ಕ್ರೀನ್ ಇಲ್ಲದೆ ಕೆಂಗೇರಿ ರಸ್ತೆಯ ಬಸ್‌ಸ್ಟಾಪಿನಲ್ಲಿ ನಿಲ್ಲುವವರು ಈ ಪ್ರಬಂಧವನ್ನು ಓದಿಲ್ಲವೆಂದೇ ತಿಳಿಯತಕ್ಕದ್ದು. ಗಾಯ, ಬಿರುಕು ಇದ್ದಲ್ಲಿ ಹಚ್ಚಬಾರದು. ಮೇಲೆ ಸ್ಕ್ರಬ್ ಹಾಕಿ ತಿಕ್ಕುವುದಂತೂ ಶಾಸ್ತ್ರನಿಷಿದ್ಧ.

ಉಳಿದ ಮೊಸರಿಗೆ ಅಮ್ಮ ಬೂದುಗುಂಬಳ ಹಾಕಿ ಮಜ್ಜಿಗೆಹುಳಿ ಮಾಡಿದರು. ಅದಕ್ಕೆ ಯಾರ ಪೂರ್ವಪಕ್ಷವೂ ಬರಲಿಲ್ಲ.